ಹೃದಯದ ಆಪರೇಷನ್‌ಗೆ ಅಲ್ಬುಮಿನ್ ಬಾಟಲಿ ಯಾಕೆ ತರಿಸುತ್ತಾರೆ?

ಹುಬ್ಬಳ್ಳಿಯಲ್ಲಿ ಅಪ್ಪನವರ ಬೈಪಾಸ್‌ಗೆ ಅಲ್ಬುಮಿನ್ ತರಲು ಹೇಳಿದ್ದಾರೆ, ಅದು ರಕ್ತದ ಬದಲಿಗೇನು ಎಂದು ಕೇಳಿದ್ದೀರಿ. ಅಲ್ಲರೀ. ಅದು ದಾನಿಗಳ ಪ್ಲಾಸ್ಮಾದಿಂದ (ರಕ್ತದ ದ್ರವಭಾಗ) ತೆಗೆದ ಪ್ರೋಟೀನು. 20% ಇರುವ 100 ಮಿ.ಲೀ. ಬಾಟಲಿಯಲ್ಲಿ 20 ಗ್ರಾಂ ಇರುತ್ತದೆ.

ಆಪರೇಷನ್ ವೇಳೆ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮಷೀನಿನ ಕೊಳವೆ, ಆಕ್ಸಿಜನೇಟರ್ (ರಕ್ತಕ್ಕೆ ಆಮ್ಲಜನಕ ಸೇರಿಸುವ ಭಾಗ) ತುಂಬಲು ದೊಡ್ಡವರಿಗೆ ಸಾಮಾನ್ಯವಾಗಿ 1.2ರಿಂದ 1.5 ಲೀಟರ್ ದ್ರವ ಬೇಕು. ಬರೀ ಸಲೈನ್ ಥರದ್ದನ್ನೇ ತುಂಬಿದರೆ ರಕ್ತ ತೆಳುವಾಗಿ, ನೀರು ರಕ್ತನಾಳದಿಂದ ಹೊರಗೆ ಸೋರಿ ಮೈಗೆ ಬಾವು ಬರುತ್ತದೆ. ಅಲ್ಬುಮಿನ್ ಆ ನೀರನ್ನು ಒಳಗೇ ಹಿಡಿದಿಡುತ್ತದೆ. ಜೊತೆಗೆ, ರಕ್ತ ತಾಗುವ ಮೊದಲೇ ಪ್ಲಾಸ್ಟಿಕ್ಕಿನ ಒಳಮೈಗೆ ಲೇಪದಂತೆ ಕೂರುವುದರಿಂದ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಪ್ರೋಟೀನು, ಪ್ಲೇಟ್‌ಲೆಟ್ ಕಣಗಳು ಅಂಟುವುದು ಕಡಿಮೆ. ಮಷೀನು ನಡೆಸುವವರು ಕೊಳವೆಯ ಗಾಳಿಯೆಲ್ಲ ತೆಗೆದ ಮೇಲೆ ಅಲ್ಬುಮಿನ್ ಅನ್ನು ನಿಧಾನವಾಗಿ ಸೇರಿಸಬೇಕು. ರಭಸದಿಂದ ಬಿಟ್ಟರೆ ನೊರೆ ಏಳುತ್ತದೆ, ಆ ಸಣ್ಣ ಗುಳ್ಳೆ ಹೊರಹಾಕುವುದು ಬಲು ಕಷ್ಟ.

ಇದಿಲ್ಲದಿದ್ದರೆ ಆಪರೇಷನ್ ಕೆಡುತ್ತದೆ ಎಂದು ಮಾತ್ರ ಹೆದರಬೇಡಿ. ಫಿನ್ಲೆಂಡಿನಲ್ಲಿ 1,386 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಿಂಗರ್ ಅಸಿಟೇಟ್‌ಗೆ (ಸಲೈನ್ ಥರದ ಲವಣದ ದ್ರವ) ಹೋಲಿಸಿದರೆ 4% ಅಲ್ಬುಮಿನ್‌ನಿಂದ ಒಟ್ಟು ತೊಂದರೆ ಕಡಿಮೆಯಾಗಲಿಲ್ಲ. ರಕ್ತಸ್ರಾವ ಹೆಚ್ಚೇ ಇತ್ತು. ನಿಮ್ಮವರಿಗೆ ಯಾಕೆ ಬೇಕೆಂದು ಡಾಕ್ಟರರನ್ನು ಧಾರಾಳವಾಗಿ ಕೇಳಿ.

ಗದಗಿನಿಂದ ತರುವುದಾದರೆ ಬಸ್ಸಿನ ಕಿಟಕಿಯ ಬಿಸಿಲಿಗೆ ಇಡಬೇಡಿ, ಫ್ರೀಜರ್‌ನಲ್ಲೂ ಬೇಡ. ದ್ರವ ತಿಳಿಯಾಗಿ, ತೆಳು ಜೇನಿನ ಬಣ್ಣದಲ್ಲಿರಬೇಕು. ಕದಡಿದ್ದರೆ ಅಂಗಡಿಯಲ್ಲೇ ವಾಪಸ್ ಕೊಡಿ.