ರೈಲು ಯಾವ ದಿಕ್ಕಿನಿಂದ ಬಂತು?

ಸಕಲೇಶಪುರದಿಂದ ನೀವು ಕಳುಹಿಸಿದ ‘ಬಂದರು ನಗರಿಯ ರೈಲು ನಿಲ್ದಾಣಗಳು: ನಿನ್ನೆ, ನಾಳೆ’ ಲೇಖನ ತಲುಪಿದೆ. ಮಂಗಳೂರಿನ ಬಗ್ಗೆ ಶ್ರಮಪಟ್ಟು ಓದಿದ್ದೀರಿ, ಭಾಷೆ ಶುದ್ಧವಾಗಿದೆ, ಇಸವಿಗಳು ಸರಿಯಾಗಿವೆ. ಆದರೂ ಈ ರೂಪದಲ್ಲಿ ಇದನ್ನು ನಮ್ಮ ಹಾಸನದ ಪತ್ರಿಕೆಯಲ್ಲಿ ಅಚ್ಚು ಹಾಕಲಾರೆ. ಓದುತ್ತ ನನಗೆ ಸಿಟ್ಟು ಬಂತು. ಏಕೆಂದು ಹೇಳಿಬಿಡುತ್ತೇನೆ.

ನಿಮ್ಮ ಮೂರನೆಯ ವಾಕ್ಯ: ‘1907ರಲ್ಲಿ ಮಂಗಳೂರಿಗೆ ರೈಲು ಬಂದಿತು.’ ಎಲ್ಲಿಂದ? ಇಡೀ ಪುಟ ಹುಡುಕಿದರೂ ಉತ್ತರವಿಲ್ಲ. ನಮ್ಮ ಓದುಗ ಅದು ತನ್ನ ಊರಿನ ಮೇಲಿಂದಲೇ ಇಳಿದಿರಬೇಕು ಎಂದುಕೊಳ್ಳುತ್ತಾನೆ. ಅದು ಬಂದದ್ದು ದಕ್ಷಿಣದಿಂದ. ಕೋಳಿಕ್ಕೋಡು, ಕಣ್ಣೂರು, ಕಾಸರಗೋಡುಗಳ ಕರಾವಳಿ ಹಿಡಿದು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ನಾವು ಮೈಸೂರು ಸಂಸ್ಥಾನದವರು. ನಡುವೆ ಘಟ್ಟ. ನಮ್ಮ ತೋಟಗಳ ಕಾಫಿ ಹಡಗು ಹತ್ತಲು ಮಂಗಳೂರಿಗೇ ಇಳಿಯಬೇಕಿತ್ತು, ಆದರೆ ಅದರ ಪಾಲಿಗೆ ಇದ್ದದ್ದು ಘಟ್ಟದ ರಸ್ತೆ ಮಾತ್ರ. ಹಾಸನದಿಂದ ಅಲ್ಲಿಗೆ ಹಳಿ ಮುಟ್ಟಲು ಮತ್ತೆ 70 ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯಿತು. ನಿಮ್ಮ ಲೇಖನದ ಜೀವವೇ ಆ ಅಂತರದಲ್ಲಿದೆ; ನೀವು ಅದರ ಬಗ್ಗೆ ಒಂದು ಸಾಲೂ ಬರೆದಿಲ್ಲ.

ಮುಂದಿನ ವಾಕ್ಯ: ‘ಕಾಲಕ್ರಮೇಣ ಕಂಕನಾಡಿಯಲ್ಲಿ ಮತ್ತೊಂದು ನಿಲ್ದಾಣ ತಲೆಯೆತ್ತಿತು.’ ಯಾವ ನಿಲ್ದಾಣವೂ ತಾನಾಗಿ ತಲೆಯೆತ್ತುವುದಿಲ್ಲ. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಪ್ರಮುಖ ಬಂದರು ಎನಿಸಿಕೊಂಡಿತು. ಆ ದಶಕ ಮುಗಿಯುವ ಹೊತ್ತಿಗೆ ಹಾಸನದಿಂದ ಮೀಟರ್ ಗೇಜ್ ಹಳಿ, ಅಂದರೆ ಒಂದು ಮೀಟರ್ ಅಗಲದ ಹಳಿ, ಘಟ್ಟ ಇಳಿದಿತ್ತು. ಹಳೆಯ ಸೆಂಟ್ರಲ್ ನಿಲ್ದಾಣದಲ್ಲಾದರೋ ಹಳಿ ಮುಗಿದುಹೋಗುತ್ತದೆ. ಒಳಹೊಕ್ಕ ರೈಲು ಮುಂದುವರಿಯಬೇಕಾದರೆ ಬಂದ ದಾರಿಯಲ್ಲೇ ಹಿಂದಿರುಗಬೇಕು. ಘಟ್ಟದ ಹಳಿಗೆ, ಬಂದರಿಗೆ, 1998ರಲ್ಲಿ ಪೂರ್ಣಗೊಂಡ ಕೊಂಕಣ ಮಾರ್ಗಕ್ಕೆ ಹಳಿ ಮುಂದಕ್ಕೂ ಸಾಗುವ ಕಂಕನಾಡಿ, ಅಂದರೆ ಇಂದಿನ ಮಂಗಳೂರು ಜಂಕ್ಷನ್, ಬೇಕಾದದ್ದು ಹೀಗೆ. ಕೇರಳದಿಂದ ಗೋವಾ, ಮುಂಬೈಗೆ ಹೋಗುವ ರೈಲುಗಳು ಊರ ನಡುವಿನ ನಿಲ್ದಾಣವನ್ನು ಬಿಟ್ಟು ಅಲ್ಲಿ ನಿಲ್ಲುವುದಕ್ಕೂ ಇದೇ ಕಾರಣ. ಎರಡು ನಿಲ್ದಾಣಗಳ ಹೆಸರು ಹೇಳಿ ಎರಡೇಕೆ ಎಂದು ಹೇಳದಿದ್ದರೆ ಓದುಗನಿಗೆ ಏನು ಸಿಕ್ಕಿತು?

ನಾನು ಕೆಲಸ ಕಲಿತದ್ದು ಇದೇ ಊರಿನ ಒಂದು ಸಣ್ಣ ಪತ್ರಿಕೆಯಲ್ಲಿ. ಬಿತ್ತನೆ ಆಲೂಗಡ್ಡೆಯ ಕಾಲ ಬಂತೆಂದರೆ ಹಿರಿಯ ಉಪಸಂಪಾದಕರು ಹೊಸಬರನ್ನು ಮಾರುಕಟ್ಟೆಗೆ ಅಟ್ಟುತ್ತಿದ್ದರು. ಜಲಂಧರ್‌ನಿಂದ ತರಿಸಿದವರು ಯಾರು, ಮೂಟೆಗೆ ಎಷ್ಟು, ಗಡ್ಡೆ ಕೊಯ್ದು ನೋಡಿದ ರೈತ ಏನೆಂದ. ಇಷ್ಟೂ ತಿಳಿಯದೆ ‘ಬಿತ್ತನೆ ಬೀಜ ಬಂದಿದೆ’ ಎಂಬ ಸುದ್ದಿ ಅವರ ಮೇಜು ದಾಟುತ್ತಿರಲಿಲ್ಲ. ಬಂದ ವಸ್ತುವಿನ ಹಿಂದೆ ತರಿಸಿದವನೊಬ್ಬ ಇರುತ್ತಾನೆ, ಅವನನ್ನು ಹುಡುಕಿಕೊಂಡು ಬಾ ಎನ್ನುತ್ತಿದ್ದರು. ಅವರು ಈಗ ಇಲ್ಲ. ನಿಮ್ಮ ಹಸ್ತಪ್ರತಿಯ ಅಂಚಿನಲ್ಲಿ ನಾನು ಹಾಕಿರುವ ಪ್ರಶ್ನೆಗಳೆಲ್ಲ ಅವರವೇ.

ಇನ್ನು ನಿಮ್ಮ ‘ನಾಳೆ’: ‘ಮುಂಬರುವ ದಿನಗಳಲ್ಲಿ ವಿಶ್ವದರ್ಜೆಯ ಸೌಲಭ್ಯಗಳಿಂದ ನಿಲ್ದಾಣಗಳು ಕಂಗೊಳಿಸಲಿವೆ.’ ಇದನ್ನು ಯಾವ ಊರಿನ ನಿಲ್ದಾಣಕ್ಕೂ ಅಂಟಿಸಬಹುದು. ಸಕಲೇಶಪುರದವರು ಹೀಗೆ ಬರೆಯಬಾರದು. ಮಂಗಳೂರಿನ ನಾಳೆಯ ಒಂದು ತುದಿ ನಿಮ್ಮ ಊರಿನಲ್ಲಿದೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗಗಳು. ಕಡಿದಾದೆಡೆ 50 ಅಡಿ ಸಾಗಿದರೆ ಒಂದು ಅಡಿ ಏರು. ಇನ್ನೂ ಅಗಲದ ಬ್ರಾಡ್ ಗೇಜ್‌ಗಾಗಿ ಹಳೆಯ ಹಳಿ ಕಿತ್ತ ಮೇಲೆ ವರ್ಷಗಟ್ಟಲೆ ಕಾದು, ಪ್ರಯಾಣಿಕರ ರೈಲನ್ನು ಮತ್ತೆ ಕಂಡದ್ದು 2007ರ ಡಿಸೆಂಬರ್‌ನಲ್ಲಿ. 2024ರ ಜುಲೈನಲ್ಲಿ ಇದೇ ಘಟ್ಟದ ಯಡಕುಮರಿ, ಕಡಗರವಳ್ಳಿ ನಿಲ್ದಾಣಗಳ ನಡುವೆ ಗುಡ್ಡ ಕುಸಿದು ಬೆಂಗಳೂರು, ಮಂಗಳೂರು ನಡುವಿನ ರೈಲುಗಳು ನಿಂತವು. ಕೆಳಗೆ ಇಳಿದರೆ ಆಡಳಿತವೂ ಹಂಚಿಹೋಗಿದೆ: ಸೆಂಟ್ರಲ್, ಜಂಕ್ಷನ್‌ಗಳು ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ, ಘಟ್ಟದ ಮಾರ್ಗ ಮೈಸೂರು ವಿಭಾಗಕ್ಕೆ, ಮಂಗಳೂರಿನ ಹೊರವಲಯದ ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆಗೆ. ಹೊಸ ರೈಲೊಂದನ್ನು ಕೇಳುವ ಮಂಗಳೂರಿಗ ಯಾರ ಬಾಗಿಲು ತಟ್ಟಬೇಕು? ಅದನ್ನು ಬರೆಯಿರಿ. ಪ್ಲಾಟ್‌ಫಾರ್ಮಿನ ಗ್ರಾನೈಟ್ ಆಮೇಲೆ ನೋಡೋಣ.

ಲೇಖನದ ಉಳಿದ ಭಾಗದ ಬಗ್ಗೆ ನಾನೇನೂ ಹೇಳುವುದಿಲ್ಲ. ಈ ಮೂರು ಕಡೆ ಸರಿಪಡಿಸಿದರೆ ಅದು ಹೇಗೂ ಬದಲಾಗುತ್ತದೆ. ನಿಮ್ಮ ಊರಿನ ನಿಲ್ದಾಣದಿಂದಲೇ ಆರಂಭಿಸಿ, ಮಂಗಳೂರಿಗೆ ಆಮೇಲೆ ಇಳಿಯಿರಿ. ದೀಪಾವಳಿ ಸಂಚಿಕೆಯಲ್ಲಿ ನಿಮಗಾಗಿ ಎರಡು ಪುಟ ಕಾದಿರಿಸಿದ್ದೇನೆ.