ಕೊಲೆಗಾರ ಸಿಕ್ಕಿದ, ಸುಳಿವು ಸಿಗಲಿಲ್ಲ

ನಮಸ್ಕಾರ.

ನಿಮ್ಮ ಪತ್ತೇದಾರಿ ಕಾದಂಬರಿಯ ಹಸ್ತಪ್ರತಿ ಪೂರ್ತಿ ಓದಿದೆ. 248 ಪುಟ. ಜೊತೆಗಿದ್ದ ಪತ್ರದಲ್ಲಿ ಎರಡು ಪ್ರಶ್ನೆ ಕೇಳಿದ್ದೀರಿ. ಇದು ಅಚ್ಚಿಗೆ ಸಿದ್ಧವಾಗಿದೆಯಾ? ಯಾವ ಪ್ರಕಾಶಕರ ಹಂಗೂ ಇಲ್ಲದೆ ನಾನೇ 500 ಪ್ರತಿ ಹಾಕಿಸಿಬಿಡಲಾ? ಮೊದಲನೆಯದಕ್ಕೆ ನನ್ನ ಉತ್ತರ, ಇಲ್ಲ. ಎರಡನೆಯದಕ್ಕೆ, ಖಂಡಿತ ಹಾಕಿಸಿ, ಆದರೆ ಈಗಲೇ ಬೇಡ.

ಬೇಜಾರು ಮಾಡಿಕೊಳ್ಳಬೇಡಿ. ಬರೆಯಲು ಬರುವವರಿಗೆ ಮಾತ್ರ ನಾನು ಇಷ್ಟುದ್ದ ಬರೆಯುತ್ತೇನೆ. ಸಕಲೇಶಪುರದ ಕಡೆಯ ಕಾಫಿ ತೋಟ, ಆಳುಗಳ ಮನೆಸಾಲು ಅಂದರೆ ಕೂಲಿ ಲೈನಿನ ಜಗಳಗಳು, ಸಾಹುಕಾರರ ಎದುರಿಗೆ ಒಂದು ಥರ ಹಿಂದೆ ಒಂದು ಥರ ಮಾತಾಡುವ, ತೋಟದ ಲೆಕ್ಕ ಬರೆಯುವ ರೈಟರ್, ಇವೆಲ್ಲ ನೀವು ಕಣ್ಣಾರೆ ಕಂಡು ಬರೆದದ್ದು ಅಂತ ಗೊತ್ತಾಗುತ್ತದೆ. ಕೆಟ್ಟಿರುವುದು ಕೊನೆ. ಕೊನೆ ಕೆಟ್ಟರೆ ಈ ಜಾತಿಯ ಪುಸ್ತಕದಲ್ಲಿ ಮಿಕ್ಕಿದ್ದಕ್ಕೂ ಬೆಲೆ ಸಿಗುವುದಿಲ್ಲ.

ಸಾಹುಕಾರರ ಹೆಣ ತೋಟದ ಕೆರೆಯಲ್ಲಿ ತೇಲುತ್ತದೆ. ಎಲ್ಲರ ಅನುಮಾನ ಸೋದರಳಿಯನ ಮೇಲೆ. ಆದರೆ ಅವನು ಆ ದಿನ ಬೆಂಗಳೂರಿನ ಆಫೀಸಿನಲ್ಲಿದ್ದ, ಸಿಸಿಟಿವಿಯಲ್ಲಿ ಮುಖ ಸ್ಪಷ್ಟವಾಗಿದೆ. ಸರಿ. 221ನೇ ಪುಟದಲ್ಲಿ ನಿಮ್ಮ ಪತ್ತೇದಾರ ಎದ್ದು ನಿಂತು, ಆಫೀಸಿನಲ್ಲಿದ್ದವನು ಇವನ ಅವಳಿ ತಮ್ಮ ಅನ್ನುತ್ತಾನೆ. ಹುಟ್ಟಿದ ಕೂಡಲೇ ದತ್ತು ಹೋದ ತಮ್ಮ! ಅದಕ್ಕೂ ಹಿಂದಿನ 220 ಪುಟಗಳಲ್ಲಿ ಆ ತಮ್ಮನ ನೆರಳೂ ಇಲ್ಲ. ಪತ್ತೇದಾರನಿಗೆ ಅದು ಹೇಗೆ ಗೊತ್ತಾಯಿತು? ಹಾಸನದ ಒಂದು ಆಸ್ಪತ್ರೆಯ ಹಳೇ ರಿಜಿಸ್ಟರ್ ನೋಡಿದನಂತೆ. ಯಾವಾಗ ನೋಡಿದ? ನಮಗೆ ಹೇಳದೆ, ಎರಡು ಅಧ್ಯಾಯಗಳ ನಡುವೆ.

ಓದುಗನಿಗೆ ಇಲ್ಲಿ ಆಶ್ಚರ್ಯವಾಗುವುದಿಲ್ಲ, ಸಿಟ್ಟು ಬರುತ್ತದೆ. ಇದು ನನ್ನ ಒಬ್ಬನ ಹಟ ಅಲ್ಲ. 1929ರಲ್ಲೇ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ, ತಾನೂ ಪತ್ತೇದಾರಿ ಕತೆ ಬರೆಯುತ್ತಿದ್ದವನು, ಹತ್ತು ಕಟ್ಟಳೆಗಳ ಪಟ್ಟಿ ಮಾಡಿದ್ದ. ಪತ್ತೇದಾರನ ಕಣ್ಣಿಗೆ ಬಿದ್ದ ಸುಳಿವು ಆಗಲೇ ಓದುಗನ ಕಣ್ಣಿಗೂ ಬೀಳಬೇಕು ಎಂಬುದು ಅದರಲ್ಲೊಂದು. ಮೊದಲೇ ಸೂಚನೆ ಕೊಡದೆ ಅವಳಿಗಳನ್ನು ತರಬಾರದು ಎಂಬುದು ಇನ್ನೊಂದು. ಅಂದರೆ ಸುಮಾರು ನೂರು ವರ್ಷದ ಹಿಂದೆಯೇ ಜನ ಅವಳಿಗಳಿಂದ ಬೇಸತ್ತಿದ್ದರು ಅಂತಾಯಿತು. ಆ ಪಟ್ಟಿಯಲ್ಲಿ ಈಗ ನಗು ಬರಿಸುವ ಕಟ್ಟಳೆಗಳೂ ಇವೆ. ಇವೆರಡು ಮಾತ್ರ ಇನ್ನೂ ಹಳತಾಗಿಲ್ಲ.

ಈಗ ನಿಮಗೆ ಸಿಟ್ಟು ಬರಿಸುವ ಮಾತು ಹೇಳುತ್ತೇನೆ. ಅವಳಿ ತಮ್ಮ ಬೇಕಾಗಿಯೇ ಇರಲಿಲ್ಲ. ಅವನಿಗಿಂತ ಹತ್ತು ಪಾಲು ಒಳ್ಳೆಯ ಸುಳಿವು ನಿಮ್ಮ ಕೈಯಲ್ಲೇ ಇದೆ. ನೀವೇ ಬರೆದಿದ್ದೀರಿ, ನೀವೇ ಗಮನಿಸಿಲ್ಲ.

6ನೇ ಪುಟ ತೆಗೆಯಿರಿ. ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ ಬೀಳುತ್ತದೆ, ಸಾಹುಕಾರರು ಖುಷಿಯಾಗಿ ಆಳುಗಳಿಗೆಲ್ಲ ಕಾಫಿ ಕೊಡಿಸುತ್ತಾರೆ. 47ನೇ ಪುಟದಲ್ಲಿ ಹೆಣ ಸಿಗುವ ಬೆಳಿಗ್ಗೆ. ಮಳೆಯಾಗಿ ಹತ್ತನೇ ದಿನ, ತೋಟವೆಲ್ಲ ಬೆಳ್ಳಗೆ ಅರಳಿದೆ. ಆ ವಾಸನೆಯ ವರ್ಣನೆ ಸೊಗಸಾಗಿದೆ. 88ನೇ ಪುಟದಲ್ಲಿ ಆ ಸೋದರಳಿಯನನ್ನು ಮದುವೆಯಾಗಲಿರುವ ಹುಡುಗಿ ಫೋನ್ ತೆಗೆದು ಒಂದು ಫೋಟೋ ತೋರಿಸುತ್ತಾಳೆ. ತೋಟದ ಕಣದ ಪಕ್ಕ ಅಳಿಯ ನಿಂತಿದ್ದಾನೆ, ಹಿಂದೆ ಬಿಳಿ ಹೂ. ‘ಕೊಲೆಗೆ ಒಂದು ವಾರ ಮುಂಚೆ ಅಲ್ಲಿಂದ ಹೊರಟಾಗ ತೆಗೆದದ್ದಂತೆ, ಮೊನ್ನೆ ಕಳಿಸಿದರು’ ಅನ್ನುತ್ತಾಳೆ.

ಲೆಕ್ಕ ಹಾಕಿ ನೋಡಿ. ಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ಕಾಫಿ ಮೊಗ್ಗು ಅರಳುತ್ತದೆ. ಎರಡು ಮೂರು ದಿನದಲ್ಲಿ ಕಂದಿಹೋಗುತ್ತದೆ. ಅಳಿಯ ತಾನು ಹೊರಟೆ ಅನ್ನುವುದು ಮಳೆಯಾದ ಮೂರನೇ ದಿನ. ಆಗ ಗಿಡದಲ್ಲಿ ಬರೀ ಮೊಗ್ಗು. ಹೂವಿನ ಮುಂದೆ ಅವನು ನಿಂತಿದ್ದಾನೆ ಅಂದರೆ ಕೊಲೆಯ ಹೊತ್ತಿಗೆ ತೋಟದಲ್ಲೇ ಇದ್ದ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋದ ಒಳಗೆ ತೆಗೆದ ತಾರೀಖು ಉಳಿಯುವುದಿಲ್ಲ, ಅವನು ಅದನ್ನೇ ನಂಬಿದ್ದ. ಗಿಡ ತಾರೀಖು ಹೇಳಿಬಿಟ್ಟಿತು.

ಇದಕ್ಕೆ ಕತೆಯಿಂದ ಸಿಸಿಟಿವಿ ತೆಗೆದುಹಾಕಬೇಕು. ತೆಗೆಯಿರಿ, ನಷ್ಟವಿಲ್ಲ. ಅಳಿಯ ಸುಮ್ನೆ ಬಿಡುವವನಲ್ಲ, ‘ಅದು ಪಕ್ಕದ ತೋಟ, ಅವರು ಸ್ಪ್ರಿಂಕ್ಲರ್ ಹಾಕಿದ್ದರು, ಅವರ ರೋಬಸ್ಟಾ ಕಾಫಿ ಮೊದಲೇ ಅರಳಿತ್ತು’ ಅನ್ನಲಿ. ನೀರು ಕೊಟ್ಟ ತೋಟ ಮಳೆಗೆ ಕಾಯುವುದಿಲ್ಲ ಎಂಬುದು ನಿಜವೇ. ಹಾಗಾಗಿ ಓದುಗನಿಗೂ ಒಂದು ಗಳಿಗೆ ಅನುಮಾನ ಬರುತ್ತದೆ. ಆಮೇಲೆ ಪತ್ತೇದಾರ ಫೋಟೋದಲ್ಲಿರುವ ಕಣದ ಕಡೆ ಬೆರಳು ತೋರಿಸಲಿ, ಅದು ಸಾಹುಕಾರರದೇ ಕಣ.

ಬಯಲುಸೀಮೆಯ ಓದುಗರಿಗೆ ಹೂವಿನ ಈ ಲೆಕ್ಕ ಗೊತ್ತಿರುವುದಿಲ್ಲ. ಅವರಿಗೆ ಮೊದಲೇ ಹೇಳಿರಬೇಕು, ಹೇಳಿದ್ದು ಗೊತ್ತಾಗಬಾರದು. ನಿಮ್ಮ ಲೈನಿನ ಅಜ್ಜಿ ಇದ್ದಾಳಲ್ಲ, ಅವಳನ್ನು ಬಳಸಿ. ಮಳೆಯ ದಿನವೇ ಅವಳು ಬೆಂಗಳೂರಿನ ಮಗಳಿಗೆ ಫೋನ್ ಮಾಡಲಿ. ‘ಬರೋದಿದ್ರೆ ಇವತ್ತಿಗೆ ಒಂಬತ್ತು ದಿನ ಬಿಟ್ಟು ಬಾ, ಮಕ್ಳು ಹೂ ನೋಡ್ತವೆ, ತಡ ಮಾಡಿದ್ರೆ ಎರಡೇ ದಿನಕ್ಕೆ ಎಲ್ಲಾ ಕಂದೋಗ್ತದೆ, ಬರುವಾಗ ನನ್ನ ಬಿಪಿ ಮಾತ್ರೆ ಮರೀಬೇಡ.’ ಓದುಗ ಬಿಪಿ ಮಾತ್ರೆ ನೆನಪಿಟ್ಟುಕೊಳ್ಳುತ್ತಾನೆ. ಸುಳಿವನ್ನು ಮಾತಿನ ಕೊನೆಯಲ್ಲಿಡಬೇಡಿ, ಅಲ್ಲಿ ಅದು ಎದ್ದು ಕಾಣುತ್ತದೆ.

ಇನ್ನು ಪೊಲೀಸ್ ವಿಷಯ. ನಿಮ್ಮ ಕತೆ 2025ರದ್ದು, ಇನ್ಸ್‌ಪೆಕ್ಟರ್ ಇನ್ನೂ ‘302 ಹಾಕ್ತೀನಿ’ ಅನ್ನುತ್ತಾರೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಗೆ ಈಗ 103ನೇ ಸೆಕ್ಷನ್. (ಹಳೇ ಪೇದೆಯೊಬ್ಬ ಬಾಯಿ ತಪ್ಪಿ 302 ಅಂದರೆ ಚೆನ್ನಾಗಿರುತ್ತದೆ, ಅದನ್ನು ಇಟ್ಟುಕೊಳ್ಳಿ.) ಡಾಕ್ಟರು ‘ಸಾವು ರಾತ್ರಿ 11:40ಕ್ಕೆ’ ಅನ್ನುವಂತಿಲ್ಲ. ಮೈ ಸೆಟೆದದ್ದು ನೋಡಿ ಇಷ್ಟು ಗಂಟೆಯಿಂದ ಇಷ್ಟು ಗಂಟೆಯೊಳಗೆ ಅಂತ ಅಂದಾಜು ಹೇಳಬಹುದು, ನೀರಿನಲ್ಲಿದ್ದ ಹೆಣವಾದರೆ ಅದೂ ಕಷ್ಟ. ತಲೆಗೆ ಹೊಡೆದು ಸಾಯಿಸಿ ಕೆರೆಗೆ ಎಸೆದಿದ್ದಾನೆ ಅಂತ ನೀವೇ ಹೇಳುತ್ತೀರಿ, ಆದರೆ ವರದಿ ಮುಳುಗಿ ಸತ್ತರು ಅನ್ನುತ್ತದೆ. ಜೀವ ಇರುವಾಗ ಮುಳುಗಿದರೆ ನೀರಿನಲ್ಲಿರುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ರಕ್ತದ ಜೊತೆ ಮೂಳೆಯ ಮಜ್ಜೆವರೆಗೂ ಹೋಗಬಹುದು. ಗುಂಡಿಗೆ ನಿಂತ ಮೇಲೆ ಎಸೆದರೆ ಹಾಗೆ ಹೋಗುವ ದಾರಿ ಇಲ್ಲ. ಡಾಕ್ಟರು ಮಜ್ಜೆಯನ್ನು ಪ್ರಯೋಗಾಲಯಕ್ಕೆ ಕಳಿಸಿ, ವರದಿ ಬರುವವರೆಗೆ ಎಲ್ಲರೂ ಅದನ್ನು ಆಕಸ್ಮಿಕ ಅಂದುಕೊಂಡಿರಲಿ. ಯುಡಿಆರ್ (ಅಸಹಜ ಸಾವಿನ ವರದಿ) ಅಂತ ಶುರುವಾದ ಕೇಸು ಕೊಲೆ ಕೇಸಾಗುವ ಜಾಗ ಅದು. ನಿಮ್ಮ ಕಾದಂಬರಿಯ ನಡುಭಾಗ ಜೋಲುತ್ತಿದೆಯಲ್ಲ, ಅದಕ್ಕೆ ಒಂದು ಕಂಬ ಸಿಕ್ಕಂತಾಗುತ್ತದೆ.

ಕೊನೆಗೆ ಅಳಿಯ ಠಾಣೆಯಲ್ಲಿ ಕೂತು ಒಂಬತ್ತು ಪುಟ ತಪ್ಪೊಪ್ಪಿಗೆ ಹೇಳುತ್ತಾನೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಅವನ ವಿರುದ್ಧ ಬಳಸುವಂತಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಅದು 25ನೇ ಸೆಕ್ಷನ್ ಆಗಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23. ಆದರೆ ಅವನ ಮಾತಿನಿಂದ ಒಂದು ವಸ್ತು ಪತ್ತೆಯಾದರೆ ಅಷ್ಟು ಮಾತು ನಿಲ್ಲುತ್ತದೆ. ಆದ್ದರಿಂದ ಒಂಬತ್ತು ಪುಟದ ಬದಲು ಒಂದೇ ಮಾತು ಸಾಕು, ಹೊಡೆದ ಪಿಕಾಸಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಹೊಂಡದಲ್ಲಿದೆ. ಇಬ್ಬರು ಪಂಚರ ಮುಂದೆ ಕೊಳೆತ ಕಾಫಿ ಸಿಪ್ಪೆಯೊಳಗೆ ಕೈಹಾಕಿ ತೆಗೆಯಲಿ, ಮಹಜರು ಬರೆಯಲಿ. ಓದುಗನಿಗೂ ವಾಸನೆ ಹೊಡೆಯಬೇಕು.

ಮೊದಲ ಪುಟದ ಬಗ್ಗೆ ಒಂದು ಮಾತು. ಕೊಲೆಗಾರ ಗಂಡೋ ಹೆಣ್ಣೋ ಗೊತ್ತಾಗಬಾರದು ಅಂತ ‘ಆ ಆಕೃತಿ ಬಂತು, ಆ ಆಕೃತಿ ಬಾಗಿತು’ ಅಂತ ಎರಡು ಪುಟ ಬರೆದಿದ್ದೀರಿ. ಕನ್ನಡದಲ್ಲಿ ಕ್ರಿಯಾಪದವೇ ಚಾಡಿ ಹೇಳಿಬಿಡುತ್ತದೆ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಎರಡನೇ ಪುಟದ ಕೊನೆಗೆ ನೀವೇ ಮೈಮರೆತು ‘ಕೈ ಒರೆಸಿಕೊಂಡನು’ ಅಂದಿದ್ದೀರಿ! ಅಲ್ಲಿಗೆ ಅನುಮಾನದ ಪಟ್ಟಿಯಿಂದ ಹೆಂಗಸರೆಲ್ಲ ಬಿಟ್ಟುಹೋದರು. ಆ ಎರಡು ಪುಟ ಕಿತ್ತುಹಾಕಿ. ಹೂಮಳೆಯಿಂದ ಶುರು ಮಾಡಿ.

ಪತ್ರದಲ್ಲಿ ‘ಕನ್ನಡದಲ್ಲಿ ಪತ್ತೇದಾರಿ ಸಾಹಿತ್ಯ ಅಂತ ಇಲ್ಲವೇ ಇಲ್ಲ’ ಅಂದಿದ್ದೀರಿ. ಇದನ್ನು ಮಾತ್ರ ಎಲ್ಲೂ ಅಚ್ಚು ಮಾಡಿಸಬೇಡಿ. ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಬಾಡಿಗೆ ಲೈಬ್ರರಿಗಳಲ್ಲಿ ಅವನ್ನು ತಂದು ಓದಿಯೇ ಓದುವ ಚಟ ಹತ್ತಿಸಿಕೊಂಡವರು ಎಷ್ಟೋ ಜನ. ಟಿ.ಕೆ. ರಾಮರಾಯರೂ ಇದ್ದರು. ಅವರನ್ನು ಓದಿ, ಮತ್ತು ಪ್ರತಿಯೊಂದನ್ನೂ ಎರಡು ಸಲ ಓದಿ. ಎರಡನೇ ಸಲ ಕೊಲೆಗಾರ ಯಾರು ಅಂತ ಗೊತ್ತಿರುತ್ತದಲ್ಲ, ಆಗ ಪೆನ್ಸಿಲ್ ಹಿಡಿದು ಕೂತು ಸುಳಿವು ಎಲ್ಲಿಟ್ಟಿದ್ದಾರೆ, ಅದರ ಮೇಲೆ ಏನು ಮುಚ್ಚಿದ್ದಾರೆ ಗುರುತು ಹಾಕಿ. ಕೆಲವರು ಏನೂ ಇಟ್ಟಿರುವುದಿಲ್ಲ. ಅದೂ ಗೊತ್ತಾಗಲಿ.

ಸ್ವಂತ ಪ್ರಕಟಣೆಯ ಬಗ್ಗೆ ನನ್ನ ಹೆದರಿಕೆ ಒಂದೇ. ಅಲ್ಲಿ ನಿಮಗೆ ಬೇಡ ಅನ್ನುವವರು ಯಾರೂ ಇರುವುದಿಲ್ಲ. ಹಾಗಾಗಿ ಹೊಸ ಪ್ರತಿಯನ್ನು ನಾಲ್ಕೈದು ಜನಕ್ಕೆ ಕೊಡಿ, ಕೊನೆಯ ಮೂರು ಅಧ್ಯಾಯ ಕೊಡಬೇಡಿ. ಕೊಲೆಗಾರ ಯಾರು, ಯಾಕೆ ಅಂತ ಬರೆದುಕೊಡಿ ಅನ್ನಿ. ಎಲ್ಲರೂ ಸರಿಯಾಗಿ ಹೇಳಿದರೆ ಸುಳಿವು ಜಾಸ್ತಿಯಾಯಿತು. ಯಾರೂ ಹೇಳದಿದ್ದರೆ ಕೊನೆ ಓದಿಸಿ ಮುಖ ನೋಡಿ. ಅವರು ಹಿಂದಿನ ಪುಟ ತಿರುಗಿಸಿ ಹುಡುಕಿದರೆ ಗೆದ್ದಿರಿ. ಮನೆಯವರಿಗೆ ಕೊಡಬೇಡಿ, ಅವರು ಚೆನ್ನಾಗಿದೆ ಅಂತಲೇ ಅನ್ನುತ್ತಾರೆ.

ಮಿಕ್ಕಿದ್ದು ಸುಲಭ. ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆಗೆ) ದುಡ್ಡು ಕೊಡಬೇಡಿ, ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಆನ್‌ಲೈನಿನಲ್ಲಿ ಪುಕ್ಕಟೆ ಕೊಡುತ್ತದೆ. ನೀವೇ ಪ್ರಕಾಶಕರಾದ ಮೇಲೆ 1954ರ ಪುಸ್ತಕ ಸಲ್ಲಿಕೆ ಕಾಯ್ದೆ ಪ್ರಕಾರ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯ ಮುಂತಾದ ಕಡೆ ಪ್ರತಿ ಕಳಿಸುವುದೂ ನಿಮ್ಮದೇ ಜವಾಬ್ದಾರಿ. ಮುನ್ನುಡಿಯನ್ನು ಹಿರಿಯರೊಬ್ಬರಿಂದ ಬರೆಸುವ ಆಸೆ ಅಂದಿದ್ದೀರಿ. ದಯವಿಟ್ಟು ಬೇಡ. ನಮ್ಮ ಮುನ್ನುಡಿಕಾರರಿಗೆ ಪೂರ್ತಿ ಕತೆ ಹೇಳಿ ಮುಗಿಸಿದರೇ ಸಮಾಧಾನ. ಕೊಲೆಗಾರನ ಮನಸ್ಸಿನ ತುಮುಲವನ್ನು ಹೊಗಳುತ್ತಾ ಅವನು ಯಾರೆಂದು ಮೂರನೇ ಪುಟದಲ್ಲೇ ಹೇಳಿಬಿಡುತ್ತಾರೆ. ಬರೆಸಲೇಬೇಕಾದರೆ ಹಿಂದಕ್ಕೆ ಹಾಕಿ.

ತಿದ್ದಿದ ಮೇಲೆ ಮತ್ತೆ ಕಳಿಸಿ, ಓದುತ್ತೇನೆ. ಅಲ್ಲಿಯವರೆಗೆ ಪ್ರೆಸ್ಸಿನವರಿಗೆ ಮುಂಗಡ ಕೊಡಬೇಡಿ. ಈ ಸಲ ಯೂನಿಕೋಡ್ ಫೈಲ್ ಇರಲಿ. ಹಳೇ ನುಡಿ ಫಾಂಟಿನಿಂದ ಬದಲಾಯಿಸುವಾಗ ನಿಮ್ಮ ಅರ್ಧ ಒತ್ತಕ್ಷರಗಳು ಚದುರಿಹೋಗಿದ್ದವು, ಸಾಹುಕಾರರ ಹೆಸರೇ ಮೂರು ಥರ ಇತ್ತು.