ಬಿ.ಕಾಂ. ಮಾಡಿ ಕೆಲಸದಲ್ಲಿದ್ದೇನೆ. ಆನ್‌ಲೈನಲ್ಲಿ ಉಚಿತವಾಗಿ ಇತಿಹಾಸ ಕಲಿಯಬೇಕು, ಯಾವ ಸೈಟಿನ ಸರ್ಟಿಫಿಕೇಟಿಗೆ ಬೆಲೆ ಇದೆ?

ಬಿ.ಕಾಂ., ಲೆಕ್ಕ ಬರೆಯೋ ಕೆಲಸ, ಮನಸ್ಸೆಲ್ಲ ಇತಿಹಾಸದ ಮೇಲೆ. ಇದು ನನ್ನದೇ ಕಥೆ. ನಾನು ಶಿಕಾರಿಪುರದ ಕಡೆಯವನು. ದಿನಾ ಬಸ್ಸಲ್ಲಿ ಶಿವಮೊಗ್ಗಕ್ಕೆ ಹೋಗಿ ಬರುತ್ತಿದ್ದೆ. ದಾರಿಯುದ್ದಕ್ಕೂ ಇಯರ್‌ಫೋನ್ ಹಾಕಿಕೊಂಡು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಓಪನ್ ಯೇಲ್ ಕೋರ್ಸಸ್ ಅನ್ನೋ ಸೈಟಿನಲ್ಲಿ ಪ್ರೊಫೆಸರ್ ಡೊನಾಲ್ಡ್ ಕೇಗನ್ ಅವರ ಪ್ರಾಚೀನ ಗ್ರೀಸಿನ ಪಾಠಗಳನ್ನು ಕೇಳಿದೆ. 24 ಪಾಠ, ಪೂರ್ತಿ ಉಚಿತ. ಅದು ಮುಗಿದ ಮೇಲೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸೈಟ್ ಸ್ವಯಂನಲ್ಲಿ ಭಾರತದ ಇತಿಹಾಸದ ಕೋರ್ಸ್ ಸೇರಿದೆ. ಆ ಧೈರ್ಯದಲ್ಲೇ ದೂರಶಿಕ್ಷಣದಲ್ಲಿ ಎಂ.ಎ. ಕಟ್ಟಿದೆ.

ಮೊದಲ ವರ್ಷವೇ ಒಂದು ಪೇಪರ್ ಹೋಯಿತು.

ಏನಾಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಇದೇ ಉತ್ತರ. ಹಿಂದಿನ ರಾಜರು ಕೊಟ್ಟ ಭೂದಾನಗಳಿಂದ ಭಾರತದಲ್ಲಿ ಊಳಿಗಮಾನ್ಯ ಪದ್ಧತಿ ಬೆಳೆಯಿತೇ, ವಿಮರ್ಶಿಸಿ ಅಂತ ಕೇಳಿದ್ದರು. ಇತಿಹಾಸಕಾರ ಆರ್. ಎಸ್. ಶರ್ಮಾ ಬೆಳೆಯಿತು ಅನ್ನುತ್ತಾರೆ, ಇನ್ನೊಬ್ಬ ಇತಿಹಾಸಕಾರ ಹರ್ಬನ್ಸ್ ಮುಖಿಯಾ ಅದನ್ನೇ ಪ್ರಶ್ನೆ ಮಾಡುತ್ತಾರೆ. ಇಬ್ಬರ ಹೆಸರೂ ನನಗೆ ಗೊತ್ತಿತ್ತು, ಪಾಠದಲ್ಲಿ ಕೇಳಿದ್ದೆ. ಆದರೆ ಅರ್ಧ ಪುಟ ಆಗುವಷ್ಟರಲ್ಲಿ ಪೆನ್ನು ನಿಂತಿತು. ಶರ್ಮಾ ಯಾವ ಆಧಾರದ ಮೇಲೆ ಹಾಗೆ ಹೇಳಿದರು, ಮುಖಿಯಾ ಎಲ್ಲಿ ಒಪ್ಪಲಿಲ್ಲ, ಒಂದೂ ಹೊಳೆಯಲಿಲ್ಲ. ನಾನು ಬರೀ ವಿಡಿಯೋ ನೋಡಿದ್ದೆ. ಪ್ರತಿ ಪಾಠದ ಜೊತೆ ಓದೋಕೆ ಅಂತ ಕೊಟ್ಟಿದ್ದನ್ನು ಮುಟ್ಟಿರಲಿಲ್ಲ, ಇಂಗ್ಲಿಷ್ ಭಾರ, ಆಮೇಲೆ ನೋಡೋಣ ಅಂತ. ಬರೆಯೋದಂತೂ ಇಲ್ಲವೇ ಇಲ್ಲ. ಒಳ್ಳೆಯ ಮೇಷ್ಟ್ರು ಬಿಡಿಸಿ ಹೇಳುವಾಗ ಎಲ್ಲ ಅರ್ಥವಾಗುತ್ತೆ, ಅಲ್ವಾ? ಅರ್ಥ ಆಗಿರೋದು ಅವರಿಗೆ. ನಾವು ತಲೆ ಅಲ್ಲಾಡಿಸಿರುತ್ತೇವೆ ಅಷ್ಟೆ. ಲೆಕ್ಕವಾದರೆ ಉತ್ತರ ತಾಳೆ ಆಗದಿದ್ದಾಗ ಗೊತ್ತಾಗುತ್ತೆ. ಇತಿಹಾಸದಲ್ಲಿ ಬರೆಯೋಕೆ ಕೂರುವವರೆಗೂ ಗೊತ್ತಾಗಲ್ಲ. ಇಷ್ಟಕ್ಕೆ ನನ್ನ ಒಂದು ವರ್ಷ ಹೋಯಿತು.

ಹಾಗಾಗಿ ಯಾವ ಸರ್ಟಿಫಿಕೇಟ್ ಅನ್ನೋ ಪ್ರಶ್ನೆಯನ್ನೇ ಬಿಡಿ. ನೀವು ಈಗ ಯಾವುದಾದರೂ ಕಾಲೇಜಿನಲ್ಲಿ ಓದುತ್ತಿದ್ದರೆ ಬೇರೆ ಮಾತು. ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂನಿಂದ ಮಾಡಬಹುದು, ನಿಮ್ಮ ಕಾಲೇಜು ಒಪ್ಪಬೇಕು. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಬೇರೆ ನೋಂದಣಿ, ಬೇರೆ ಫೀಸು. ಕೆಲಸದಲ್ಲಿರುವ ನಮ್ಮಂಥವರಿಗೆ ಆ ಕಾಗದದಿಂದ ಏನೂ ಆಗಬೇಕಾಗಿಲ್ಲ. ಯೇಲ್‌ನವರು ಸರ್ಟಿಫಿಕೇಟ್ ಕೊಡೋದೇ ಇಲ್ಲ. ಪಾಠದ ಪ್ರತಿ ಮಾತನ್ನೂ ಬರಹದಲ್ಲಿ ಹಾಕಿದ್ದಾರೆ, ಉಚ್ಚಾರಣೆ ಅರ್ಥವಾಗದಿದ್ದರೆ ಅದನ್ನು ಓದಿ.

ನನಗೆ ದಾರಿ ತೋರಿಸಿದ್ದು ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಪಾಠಗಳಿರುವ ಸೈಟ್, ಇ-ಜ್ಞಾನಕೋಶ. ಅವರ ಎಂ.ಎ. ಪಾಠಗಳೆಲ್ಲ ಪಿಡಿಎಫ್‌ನಲ್ಲಿ ಸುಮ್ನೆ ಸಿಗುತ್ತವೆ, ಪಾಠದ ಜೊತೆಗೇ ಪ್ರಶ್ನೆಗಳಿರುತ್ತವೆ. ಕನ್ನಡದಲ್ಲಿಲ್ಲ ಅನ್ನೋದು ಬೇಜಾರೇ. ಓದೋದು ಇಂಗ್ಲಿಷಿನಲ್ಲಾದರೂ ಆ ಪ್ರಶ್ನೆಗಳಿಗೆ ಉತ್ತರವನ್ನು ಕನ್ನಡದಲ್ಲಿ, ಕೈಯಲ್ಲಿ, ಪುಟ ತುಂಬ ಬರೆಯಿರಿ.

ಇನ್ನೊಂದು, ನಿಮ್ಮ ತಾಲ್ಲೂಕಿನ ಶಾಸನಗಳನ್ನು ಓದಿ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಪುಟಗಳು ಇಂಟರ್ನೆಟ್ ಆರ್ಕೈವ್ ಅನ್ನೋ ಸೈಟಿನಲ್ಲಿ ಉಚಿತವಾಗಿವೆ. ಹಳೇ ಮೈಸೂರು ಸಂಸ್ಥಾನದ ಶಾಸನಗಳು ತಾಲ್ಲೂಕುವಾರು ಇವೆ, ಇಂಗ್ಲಿಷ್ ಅನುವಾದವೂ ಇದೆ. ಏಳನೇ ಸಂಪುಟದಲ್ಲಿ ನಮ್ಮ ಶಿಕಾರಿಪುರ ಇದೆ. ಅದರಲ್ಲಿ ತಾಳಗುಂದದ ಕಂಬದ ಶಾಸನ ಓದುತ್ತಾ ಕೂತೆ. ಕದಂಬರ ಮಯೂರಶರ್ಮ ಓದಲಿಕ್ಕೆ ಕಂಚಿಗೆ ಹೋಗುತ್ತಾನೆ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗುತ್ತೆ, ಸಿಟ್ಟಿಗೆದ್ದು ಕತ್ತಿ ಹಿಡಿಯುತ್ತಾನೆ. ಚಿಕ್ಕಂದಿನಿಂದ ಕೇಳಿದ ಕಥೆಯೇ. ಆದರೆ ಇದನ್ನು ಸಂಸ್ಕೃತ ಪದ್ಯದಲ್ಲಿ ಬರೆದ ಕುಬ್ಜ ಅನ್ನೋ ಹೆಸರಿನ ಕವಿ ಇದ್ದದ್ದು ಮಯೂರಶರ್ಮನ ಕಾಲದಲ್ಲಲ್ಲ, ಎಷ್ಟೋ ತಲೆಮಾರು ಆದಮೇಲೆ, ಅದೇ ವಂಶದ ಶಾಂತಿವರ್ಮನ ಕಾಲದಲ್ಲಿ. ಹಾಗಾದರೆ ಆ ಜಗಳವನ್ನು ಎಷ್ಟು ನಂಬಬೇಕು? ಆಮೇಲಿನ ವಂಶದವರ ಆಸ್ಥಾನದಲ್ಲಿ ಆ ಕಥೆ ಯಾರಿಗೆ ಬೇಕಿತ್ತು? ಅದರ ಮೇಲೆ ಎರಡು ಪುಟ ಬರೆದೆ. ನಾನು ಇತಿಹಾಸ ಓದೋಕೆ ಶುರು ಮಾಡಿದ್ದು ಅವತ್ತಿನಿಂದ ಅಂತಲೇ ಹೇಳುತ್ತೇನೆ. ಆ ಪೇಪರ್ ಮುಂದಿನ ವರ್ಷ ಪಾಸಾಯಿತು.

ಒಂದೇ ಕೋರ್ಸ್ ಹಿಡಿಯಿರಿ, ನಾಲ್ಕೈದು ಕಡೆ ಹೆಸರು ಕೊಡಬೇಡಿ. ವಾರಕ್ಕೊಂದು ಪುಟ ಬರೆದು ಯಾರಿಗಾದರೂ ಓದಲು ಕೊಡಿ. ಯಾರೂ ಸಿಗದಿದ್ದರೆ ಇಲ್ಲೇ ಕೆಳಗೆ ಹಾಕಿ, ನಾನು ಓದಿ ಅನಿಸಿದ್ದನ್ನು ಹೇಳುತ್ತೇನೆ. ನಿಮ್ಮದು ಯಾವ ತಾಲ್ಲೂಕು ಅಂತಲೂ ತಿಳಿಸಿ, ಯಾವ ಸಂಪುಟ ಅಂತ ಹುಡುಕಿ ಕೊಡುತ್ತೇನೆ.